‘ಇದನ್ನು ನೋಡಿ’ ಎಂದು ಹೇಳುವ ಮುನ್ನ: ಧಾರಾವಾಹಿಗಳನ್ನು ಶಿಫಾರಸು ಮಾಡುವ ಕ್ರಮ

ಒಳ್ಳೆಯ ಧಾರಾವಾಹಿ ಇದ್ದರೆ ಹೇಳಿ ಎಂದು ಯಾರಾದರೂ ಕೇಳಿದಾಗ ನಮ್ಮಲ್ಲಿ ಬಹುತೇಕರು ಒಂದು ಹೆಸರನ್ನು ಹೇಳಿ, ‘ತುಂಬಾ ಚೆನ್ನಾಗಿದೆ, ನೋಡಲೇಬೇಕು’ ಎಂದು ಸೇರಿಸಿ ಸುಮ್ಮನಾಗುತ್ತೇವೆ. ಕೇಳಿದವರು ಆ ಹೆಸರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಒಂದು ರಾತ್ರಿ ಊಟವಾದ ಮೇಲೆ ಅರ್ಧ ಕಂತು ನೋಡುತ್ತಾರೆ, ನಿದ್ದೆ ಬರುತ್ತದೆ, ಮರುದಿನ ಅದನ್ನು ಮರೆಯುತ್ತಾರೆ. ಮುಂದೆ ಯಾವಾಗಲೋ ಭೇಟಿಯಾದಾಗ ನಾವು ‘ನೋಡಿದಿರಾ?’ ಎಂದು ವಿಚಾರಿಸಿದರೆ, ‘ನೋಡಬೇಕು, ಸಮಯವೇ ಆಗಲಿಲ್ಲ’ ಎಂದು ಸಂಕೋಚದಿಂದ ಉತ್ತರಿಸುತ್ತಾರೆ. ಇಲ್ಲಿ ತಪ್ಪು ಧಾರಾವಾಹಿಯದಲ್ಲ, ನೋಡದೆ ಬಿಟ್ಟವರದೂ ಅಲ್ಲ. ಯಾರಿಗೆ, ಎಷ್ಟು, ಎಲ್ಲಿಂದ ಎಂಬುದನ್ನು ಹೇಳದೆ ಬರೀ ಹೆಸರನ್ನು ಕೊಟ್ಟವರು ನಾವು.

ಇದು ಸಣ್ಣ ವಿಷಯವೆಂದು ಅನ್ನಿಸಿದರೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕನ್ನಡದ ದೈನಂದಿನ ಧಾರಾವಾಹಿಯ ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತುಗಳನ್ನು ಕಳೆದರೆ ಉಳಿಯುವ ಕತೆ ಸುಮಾರು 20 ನಿಮಿಷದ್ದು. ಐನೂರು ಕಂತು ದಾಟುವುದು ನಮ್ಮ ವಾಹಿನಿಗಳಲ್ಲಿ ಅಪರೂಪದ ಸಂಗತಿಯೇನಲ್ಲ. 500 ಕಂತುಗಳೆಂದರೆ 10,000 ನಿಮಿಷ, ಅಂದರೆ 166 ಗಂಟೆಗೂ ಮಿಕ್ಕ ಸಮಯ. ದಿನಕ್ಕೆ ಒಂದು ಗಂಟೆಯಂತೆ ತಪ್ಪದೆ ಕುಳಿತರೂ ಐದೂವರೆ ತಿಂಗಳು ಬೇಕು. ಸಿನಿಮಾ ಶಿಫಾರಸು ಮಾಡುವವನು ಇನ್ನೊಬ್ಬರ ಒಂದು ಸಂಜೆಯನ್ನು ಕೇಳುತ್ತಾನೆ. ಧಾರಾವಾಹಿ ಶಿಫಾರಸು ಮಾಡುವವನು ಒಂದು ಮಳೆಗಾಲವನ್ನೇ ಕೇಳುತ್ತಿರುತ್ತಾನೆ. ಅಷ್ಟು ದೊಡ್ಡದನ್ನು ಕೇಳುವಾಗ ಸ್ವಲ್ಪ ಸಿದ್ಧತೆ ಮಾಡಿಕೊಳ್ಳುವುದು ಮರ್ಯಾದೆ.

ಕೇಳಿದವರ ಮನೆ ಹೇಗಿದೆ

ಶಿಫಾರಸಿಗೆ ಮೊದಲು ಧಾರಾವಾಹಿಯ ಬಗ್ಗೆ ಯೋಚಿಸುವುದಕ್ಕಿಂತ, ಕೇಳಿದವರು ಅದನ್ನು ಯಾವ ಹೊತ್ತಿನಲ್ಲಿ, ಯಾರ ಜೊತೆ ಕುಳಿತು ನೋಡುತ್ತಾರೆ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಸಂಜೆ ಏಳರಿಂದ ಹತ್ತರವರೆಗೆ ಅತ್ತೆ, ಸೊಸೆ, ಮೊಮ್ಮಗು ಎಲ್ಲರೂ ಒಂದೇ ಟಿವಿಯ ಎದುರು ಕೂರುವ ಮನೆಯಲ್ಲಿ ಕೊಲೆ ಮತ್ತು ತನಿಖೆಯ ವೆಬ್ ಸರಣಿಗೆ ಜಾಗವಿರುವುದಿಲ್ಲ. ಅದೇ ಸರಣಿ ಬಸ್ಸಿನಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕಿಕೊಂಡು ಮುಕ್ಕಾಲು ಗಂಟೆ ಪ್ರಯಾಣಿಸುವ ಹುಡುಗನಿಗೆ ಸರಿಹೊಂದೀತು. ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ ಟಿವಿಯತ್ತ ಕಣ್ಣಿಗಿಂತ ಕಿವಿಯನ್ನೇ ಹೆಚ್ಚಾಗಿ ಕೊಡುವವರಿಗೆ ಸಂಭಾಷಣೆಯ ಮೇಲೆ ನಿಂತ ಧಾರಾವಾಹಿ ಬೇಕು, ಮೌನ ಮತ್ತು ದೃಶ್ಯಗಳ ಮೇಲೆ ನಿಂತದ್ದು ಅವರಿಗೆ ದಕ್ಕುವುದಿಲ್ಲ. ದಿನನಿತ್ಯದ ಧಾರಾವಾಹಿಗಳಲ್ಲಿ ಪಾತ್ರಗಳು ತಮ್ಮ ಮನಸ್ಸಿನ ಮಾತನ್ನೆಲ್ಲ ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಗೇಲಿ ಮಾಡುವವರು ಅನೇಕರಿದ್ದಾರೆ. ಒಗ್ಗರಣೆಯ ಸದ್ದಿನ ನಡುವೆ ಕತೆಯನ್ನು ಹಿಂಬಾಲಿಸುವವರಿಗೆ ಆ ಗಟ್ಟಿ ಮಾತೇ ಆಸರೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಆ ಮನೆಯಲ್ಲಿ ಸದ್ಯ ಏನು ನಡೆಯುತ್ತಿದೆ ಎಂಬುದು. ಈ ಪಾಠವನ್ನು ನಾನು ಕಷ್ಟಪಟ್ಟು ಕಲಿತೆ. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕಾಗಿ ನಿರ್ದೇಶಿಸಿದ ‘ಗೃಹಭಂಗ’ ನಮ್ಮ ಕಿರುತೆರೆ ಕಂಡ ಅತ್ಯುತ್ತಮ ಕೆಲಸಗಳಲ್ಲೊಂದೆಂದು ನಾನು ಇಂದಿಗೂ ನಂಬಿದ್ದೇನೆ. ಅದೇ ಉತ್ಸಾಹದಲ್ಲಿ, ಮನೆಯಲ್ಲಿ ಸಾವು ಸಂಭವಿಸಿ ವರ್ಷಾಂತಿಕವೂ ಆಗದಿದ್ದ ನನ್ನ ಚಿಕ್ಕಮ್ಮನಿಗೆ ಅದನ್ನು ಸೂಚಿಸಿಬಿಟ್ಟೆ. ಪ್ಲೇಗು, ಹಸಿವು ಮತ್ತು ಮನೆಯವರ ಬೇಜವಾಬ್ದಾರಿ ಒಂದು ಸಂಸಾರವನ್ನು ಹೇಗೆ ಮುರಿಯುತ್ತವೆ ಎಂಬ ಕತೆಯನ್ನು ಆ ಸ್ಥಿತಿಯಲ್ಲಿ ಯಾರಿಗೆ ನೋಡಲು ಸಾಧ್ಯ? ಚಿಕ್ಕಮ್ಮ ನನ್ನನ್ನು ಬೈಯಲಿಲ್ಲ. ‘ಚೆನ್ನಾಗಿತ್ತು ಕಣೋ, ಆದ್ರೆ ನಂಗೆ ಬೇಡ’ ಎಂದಷ್ಟೇ ಹೇಳಿದರು. ಅಂದಿನಿಂದ, ಸಾವು, ಕಾಯಿಲೆ, ಗರ್ಭಪಾತ, ಮದ್ಯವ್ಯಸನ, ಹೆಂಡತಿಯ ಮೇಲಿನ ಹಿಂಸೆ ಇವುಗಳಲ್ಲಿ ಯಾವುದಾದರೂ ಕತೆಯ ನಡುಬೆನ್ನಾಗಿದ್ದರೆ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆಯ ತಿರುವನ್ನು ಬಿಟ್ಟುಕೊಡದೆ ಇಷ್ಟನ್ನು ಹೇಳಲು ಬರುತ್ತದೆ. ‘ಇದರಲ್ಲಿ ಸಾವಿನ ಪ್ರಸಂಗಗಳು ಹೆಚ್ಚು, ಮನಸ್ಸು ಗಟ್ಟಿಯಾಗಿದ್ದಾಗ ನೋಡಿ’ ಎಂದರೆ ಯಾರು ಸಾಯುತ್ತಾರೆಂದು ಹೇಳಿದಂತಾಗುವುದಿಲ್ಲ.

ಎಲ್ಲಿಂದ, ಎಲ್ಲಿಯವರೆಗೆ

ಧಾರಾವಾಹಿಗಳ ಶಿಫಾರಸಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಪುಸ್ತಕಕ್ಕೆ ಕೊನೆಯ ಪುಟ ಬರೆದಾದ ಮೇಲೆ ಅದು ಅಂಗಡಿಗೆ ಬರುತ್ತದೆ. ದೈನಂದಿನ ಧಾರಾವಾಹಿ ಹಾಗಲ್ಲ. ಅದು ಪ್ರಸಾರವಾಗುತ್ತಿರುವಾಗಲೇ ಬರೆಯಲ್ಪಡುತ್ತಿರುತ್ತದೆ, ಪ್ರತಿ ಗುರುವಾರ ಹೊರಬರುವ ಟಿಆರ್‌ಪಿ ಅಂಕಿಗಳನ್ನು ನೋಡಿಕೊಂಡು ಮುಂದಿನ ವಾರಗಳ ಕತೆ ಬದಲಾಗುತ್ತಿರುತ್ತದೆ. ಅಂಕಿ ಏರಿಸಿದ ಖಳನಾಯಕಿ ಸಾಯುವುದಿಲ್ಲ, ಅಂಕಿ ಇಳಿಸಿದ ಒಳ್ಳೆಯ ಉಪಕತೆ ಒಂದು ದಿನ ಸದ್ದಿಲ್ಲದೆ ಮಾಯವಾಗುತ್ತದೆ. ಆದ್ದರಿಂದ ಒಂದೇ ಹೆಸರಿನ ಕೆಳಗೆ ಎರಡು ಮೂರು ಬೇರೆ ಬೇರೆ ಧಾರಾವಾಹಿಗಳು ಅಡಗಿರುವುದು ಸಾಮಾನ್ಯ. ನಾವು ಮೆಚ್ಚಿದ್ದು ಅವುಗಳಲ್ಲಿ ಯಾವುದನ್ನು ಎಂಬುದನ್ನು ಹೇಳದಿದ್ದರೆ, ನಮ್ಮ ಮಾತು ಕೇಳಿದವರು ಇನ್ನೊಂದನ್ನು ನೋಡಿ ನಮ್ಮ ಅಭಿರುಚಿಯ ಬಗ್ಗೆ ಅನುಮಾನಪಡುತ್ತಾರೆ.

‘ಪುಟ್ಟಗೌರಿ ಮದುವೆ’ಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಿಂದಿಯ ‘ಬಾಲಿಕಾ ವಧು’ವಿನ ಜಾಡಿನಲ್ಲಿ, ಬಾಲ್ಯವಿವಾಹವಾದ ಪುಟ್ಟ ಹುಡುಗಿಯೊಬ್ಬಳ ಕತೆಯಾಗಿ ಆರಂಭವಾದ ಅದು ವರ್ಷಗಟ್ಟಲೆ ನಡೆಯಿತು. ಕೊನೆಕೊನೆಗೆ ನಾಯಕಿ ಕಾಡುಮೇಡು, ಹುಲಿ, ಹಾವುಗಳ ನಡುವೆ ಅಲೆದ ಕಂತುಗಳು ಬಂದಾಗ ಅವು ಜಾಲತಾಣಗಳಲ್ಲಿ ನಗೆಪಾಟಲಿಗೀಡಾದವು. ಮೊದಲ ಭಾಗವನ್ನು ನೋಡಿದವರ ನೆನಪಿನಲ್ಲಿರುವ ಧಾರಾವಾಹಿಯೂ ಕೊನೆಯ ಭಾಗದ ಟ್ರೋಲ್‌ಗಳನ್ನು ಮಾತ್ರ ಕಂಡವರ ಮನಸ್ಸಿನಲ್ಲಿರುವ ಧಾರಾವಾಹಿಯೂ ಒಂದೇ ಅಲ್ಲ. ಇಂಥದ್ದನ್ನು ಸೂಚಿಸಬೇಕಾದರೆ, ‘ಬಾಲ್ಯದ ಭಾಗವನ್ನು ನೋಡಿ, ಹುಡುಗಿ ದೊಡ್ಡವಳಾದ ಮೇಲೆ ನಿಮಗೆ ಇಷ್ಟವಿದ್ದರೆ ಮಾತ್ರ ಮುಂದುವರಿಸಿ’ ಎಂದು ಗಡಿಯನ್ನು ಗುರುತಿಸಿ ಕೊಡಬೇಕು.

2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಜೊತೆಜೊತೆಯಲಿ’ಯಲ್ಲಿ ಗಡಿ ಬೇರೆ ರೀತಿಯದು. ಮಧ್ಯವಯಸ್ಸಿನ ಉದ್ಯಮಿ ಆರ್ಯವರ್ಧನ್ ಮತ್ತು ಅವನಿಗಿಂತ ಬಹಳ ಚಿಕ್ಕವಳಾದ ಮಧ್ಯಮವರ್ಗದ ಹುಡುಗಿ ಅನು ಇವರ ಕತೆಯಾದ ಅದು ಮರಾಠಿ ಧಾರಾವಾಹಿಯೊಂದರ ರೀಮೇಕ್. ನಾಯಕನ ಪಾತ್ರದಲ್ಲಿದ್ದ ಅನಿರುದ್ಧ್ 2022ರಲ್ಲಿ ಹೊರಬಂದರು, ಕತೆ ಬೇರೆ ಮುಖದೊಂದಿಗೆ ಮುಂದುವರಿಯಿತು. ಒಬ್ಬ ನಟನ ಮುಖ, ದನಿ, ನಡೆಗಳಿಗೆ ಮೂರು ವರ್ಷ ಒಗ್ಗಿಹೋದ ಪ್ರೇಕ್ಷಕನಿಗೆ ಇದು ಸಣ್ಣ ಬದಲಾವಣೆಯಲ್ಲ. ಹೊಸದಾಗಿ ನೋಡಲು ಕೂರುವವರಿಗೆ ಇದನ್ನು ಮೊದಲೇ ತಿಳಿಸುವುದು ಕತೆಯ ಗುಟ್ಟು ಬಿಡುವುದಾಗುವುದಿಲ್ಲ. ರಸ್ತೆಯಲ್ಲಿ ಮುಂದೆ ತಿರುವಿದೆ ಎಂಬ ಫಲಕ ನೆಟ್ಟಂತೆ ಅಷ್ಟೇ. ಪಾತ್ರಧಾರಿ ಬದಲಾಗುವುದು, ಕತೆ ಕೆಲವು ವರ್ಷ ಮುಂದಕ್ಕೆ ಜಿಗಿಯುವುದು, ಅರ್ಧಕ್ಕೇ ಮುಗಿದುಹೋಗುವುದು, ಈ ಮೂರನ್ನು ಮುಂಚಿತವಾಗಿ ಹೇಳುವುದು ಶಿಫಾರಸು ಮಾಡುವವರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ಹಾಗೆಂದು ಎಲ್ಲ ದೀರ್ಘ ಧಾರಾವಾಹಿಗಳನ್ನೂ ತುಂಡರಿಸಿ ಕೊಡಬೇಕಾಗಿಲ್ಲ. ಟಿ.ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಂದಿಗೆ ನಿರ್ದೇಶಿಸಿ 1998ರಲ್ಲಿ ಚಂದನದಲ್ಲಿ ಪ್ರಸಾರವಾದ ‘ಮಾಯಾಮೃಗ’ವನ್ನಾಗಲಿ, ಅನಂತರ ಈಟಿವಿಯಲ್ಲಿ ಬಂದ ‘ಮನ್ವಂತರ’, ‘ಮುಕ್ತ’ಗಳನ್ನಾಗಲಿ ನಡುವಿನಿಂದ ನೋಡುವುದು ವ್ಯರ್ಥ. ಅಲ್ಲಿ ಹತ್ತಾರು ಪಾತ್ರಗಳು ನಿಧಾನವಾಗಿ ಬೆಳೆಯುತ್ತವೆ, ಒಂದು ಮನೆಯ ಜಗಳ ಊರಿನ ರಾಜಕೀಯಕ್ಕೂ ನ್ಯಾಯಾಲಯದ ಕಟಕಟೆಗೂ ತಲುಪುತ್ತದೆ. ಸೀತಾರಾಮ್ ಅವರೇ ವಕೀಲ ಸಿ.ಎಸ್.ಪಿ.ಯ ಪಾತ್ರದಲ್ಲಿ ನಿಂತು ಸಾಕ್ಷಿಗಳನ್ನು ಪ್ರಶ್ನಿಸುವ ದೃಶ್ಯಗಳು ಎಷ್ಟು ಜನಪ್ರಿಯವಾದವೆಂದರೆ, ಅವುಗಳನ್ನಷ್ಟೇ ಬಿಡಿಬಿಡಿಯಾಗಿ ನೋಡುವವರೂ ಇದ್ದಾರೆ. ಆದರೆ ಸಾಕ್ಷಿ ಪೆಟ್ಟಿಗೆಯಲ್ಲಿ ನಿಂತವರು ಯಾಕೆ ಸುಳ್ಳು ಹೇಳುತ್ತಿದ್ದಾರೆಂಬುದು ಹಿಂದಿನ ಐವತ್ತು ಕಂತುಗಳಲ್ಲಿದೆ. ಇಂಥ ಧಾರಾವಾಹಿಯನ್ನು ಸೂಚಿಸುವಾಗ ‘ಮೊದಲಿನ ಹತ್ತು ಕಂತುಗಳಲ್ಲಿ ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂಬುದೇ ಗೊಂದಲವಾಗುತ್ತದೆ, ಹನ್ನೊಂದನೆಯದಕ್ಕೆ ಎಲ್ಲರೂ ಪರಿಚಿತರಾಗುತ್ತಾರೆ’ ಎಂಬ ಧೈರ್ಯದ ಮಾತು ಬೇಕು. ಚಿತ್ರದ ಹಳೆಯ ಚೌಕಾಕಾರ, ಮಸುಕು ಬಣ್ಣ, ಒಳಾಂಗಣದಲ್ಲಿ ಪ್ರತಿಧ್ವನಿಸುವ ಮಾತುಗಳು ಇವೆಲ್ಲ ಇರುತ್ತವೆಂದೂ ತಿಳಿಸಬೇಕು. 1998ರಲ್ಲಿ ಸಂಜೆ ಶಾಲೆಯಿಂದ ಓಡಿಬಂದು ಅದನ್ನು ನೋಡಿದವರಿಗೆ ಅವು ಕಾಣಿಸುವುದೇ ಇಲ್ಲ, ಇಪ್ಪತ್ತರ ಹರೆಯದವರಿಗೆ ಮೊದಲು ಕಾಣಿಸುವುದೇ ಅವು. ನಾವು ಶಿಫಾರಸು ಮಾಡುತ್ತಿರುವುದು ಧಾರಾವಾಹಿಯನ್ನೋ ನಮ್ಮ ಬಾಲ್ಯವನ್ನೋ ಎಂದು ಒಮ್ಮೆ ನಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು. ನನಗಂತೂ ಈ ಪ್ರಶ್ನೆಗೆ ಪ್ರತಿ ಸಲವೂ ಸ್ಪಷ್ಟ ಉತ್ತರ ಸಿಕ್ಕಿಲ್ಲ.

ಬಿಡಿ ಕಂತುಗಳ ಸರಣಿಗಳ ವಿಷಯದಲ್ಲಿ ಕೆಲಸ ಸುಲಭ. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಆಧರಿಸಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ, 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಇದಕ್ಕೆ ಉತ್ತಮ ನಿದರ್ಶನ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿಯೂ ಗಿರೀಶ್ ಕಾರ್ನಾಡ್ ಅವನ ತಂದೆಯಾಗಿಯೂ ನಟಿಸಿರುವ ಕಂತುಗಳು ಒಂದರ ಬೆನ್ನಿಗೊಂದು ಸಾಗುತ್ತವೆ. ಆಮೇಲಿನ ಕತೆಗಳಲ್ಲಿ ಹೆಚ್ಚಿನವು ತಮ್ಮಷ್ಟಕ್ಕೆ ತಾವೇ ಪೂರ್ಣ. ಆದ್ದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಸ್ವಾಮಿಯ ಕಂತುಗಳಿಂದ ಶುರುಮಾಡಲು ಹೇಳಬಹುದು, ಒಬ್ಬರೇ ಇರುವ ಹಿರಿಯರಿಗೆ ಯಾವುದಾದರೂ ಒಂದು ಬಿಡಿ ಕತೆಯ ಹೆಸರನ್ನೇ ಹೇಳಬಹುದು. 2006ರಲ್ಲಿ ಕವಿತಾ ಲಂಕೇಶ್ ಅವರು ಇನ್ನಷ್ಟು ಕಂತುಗಳನ್ನು ನಿರ್ದೇಶಿಸಿದ್ದಾರೆ, ಅವುಗಳ ಬಣ್ಣ ಮತ್ತು ಲಯ ಬೇರೆ. ಹೊಸಬರು ಮೊದಲು ಅವನ್ನೇ ನೋಡಿ, ಇದಕ್ಕೇಕೆ ಇಷ್ಟೊಂದು ಹೊಗಳಿಕೆ ಎಂದು ಬೆರಗಾಗದಂತೆ, ಎರಡು ಕಾಲದ ಎರಡು ಗುಚ್ಛಗಳಿವೆ ಎಂದು ಹೇಳಿರುವುದು ಲೇಸು.

ಹೇಳುವ ಮಾತು

ಇಷ್ಟು ವಿಚಾರ ಮಾಡಿದ ಮೇಲೆ ಶಿಫಾರಸು ಮಾತ್ರ ಚಿಕ್ಕದಾಗಿರಬೇಕು. ಕತೆಯನ್ನು ಸಂಕ್ಷೇಪಿಸಲು ಹೊರಟರೆ ಕೇಳುವವರು ಮೂರನೆಯ ವಾಕ್ಯಕ್ಕೆ ಬೇರೆ ಏನನ್ನೋ ಯೋಚಿಸತೊಡಗುತ್ತಾರೆ. ‘ಅದ್ಭುತ’, ‘ಸೂಪರ್’, ‘ಬೆಂಕಿ’ ಎಂಬ ಮಾತುಗಳು ಯಾವ ಧಾರಾವಾಹಿಗೂ ಹೊಂದುವುದರಿಂದ ಅವುಗಳಿಂದ ಯಾವುದರ ಬಗ್ಗೆಯೂ ಏನೂ ತಿಳಿಯುವುದಿಲ್ಲ. ನನ್ನ ರೂಢಿ ಹೀಗೆ: ಯಾರ ಕತೆ ಎಂದು ಒಂದು ವಾಕ್ಯ, ನನಗೆ ಹಿಡಿಸಿದ ಒಂದೇ ಒಂದು ನಿರ್ದಿಷ್ಟ ಸಂಗತಿ, ನನಗೆ ಬೇಸರ ತಂದ ಒಂದು ಸಂಗತಿ, ಎಷ್ಟು ಕಂತು ನೋಡಿ ನಿರ್ಧರಿಸಬೇಕು ಎಂಬುದು. ‘ಏಕಂ’ ಎಂಬ ವೆಬ್ ಸರಣಿಯ ಬಗ್ಗೆ ಗೆಳೆಯರೊಬ್ಬರಿಗೆ ನಾನು ಕಳುಹಿಸಿದ ಸಂದೇಶ ಹೀಗಿತ್ತು: ‘ಕರಾವಳಿಯ ಏಳು ಬಿಡಿ ಕತೆಗಳು, ಏಳೂ ಒಂದೇ ಮಟ್ಟದಲ್ಲಿಲ್ಲ. ಆಡುಮಾತು ಅಲ್ಲಿಯದೇ, ಬೆಂಗಳೂರಿನಲ್ಲಿ ಕುಳಿತು ಬರೆದ ಕರಾವಳಿಯಲ್ಲ. ನಿಧಾನ ಇದೆ. ಯಾವುದಾದರೂ ಎರಡು ನೋಡಿ, ಹಿಡಿಸದಿದ್ದರೆ ಬಿಡಿ.’ ನಾಲ್ಕು ವಾಕ್ಯ. ಅವರು ಏಳನ್ನೂ ನೋಡಿದರು, ಅವುಗಳಲ್ಲಿ ಮೂರರ ಬಗ್ಗೆ ನನ್ನೊಂದಿಗೆ ಜಗಳವಾಡಿದರು.

ಬೇಸರದ ಅಂಶವನ್ನು ಮುಚ್ಚಿಡುವುದು ದೊಡ್ಡ ತಪ್ಪು. ಮದುವೆಗೆ ಸಂಬಂಧ ಕುದುರಿಸುವವರು ಹುಡುಗನ ಗುಣಗಳನ್ನಷ್ಟೇ ಹೇಳಿದರೆ ಹೇಗೆ ಅನುಮಾನ ಹುಟ್ಟುತ್ತದೆಯೋ, ಬರೀ ಹೊಗಳಿಕೆಯ ಶಿಫಾರಸಿನಲ್ಲೂ ಹಾಗೆಯೇ. ಒಂದು ಸಣ್ಣ ದೋಷವನ್ನು ನಾವೇ ಮೊದಲು ಹೇಳಿದ್ದರೆ, ಅದು ಎದುರಾದಾಗ ನೋಡುವವರು ‘ಹಾಂ, ಇದನ್ನು ಹೇಳಿದ್ದರು’ ಎಂದು ದಾಟಿಕೊಂಡು ಹೋಗುತ್ತಾರೆ. ದೈನಂದಿನ ಧಾರಾವಾಹಿಗಳಲ್ಲಿ ಇಂಥ ದೋಷಗಳನ್ನು ಹುಡುಕಲು ಕಷ್ಟಪಡಬೇಕಾಗಿಲ್ಲ. ಯಾರೋ ಬಾಗಿಲು ತೆರೆದರೆಂದು ಮನೆಯ ಹನ್ನೊಂದು ಜನರ ಮುಖವನ್ನೂ ಸಿಡಿಲಿನ ಸದ್ದಿನೊಂದಿಗೆ ಮೂರು ಮೂರು ಸಲ ತೋರಿಸುವ ಪದ್ಧತಿ ಇನ್ನೂ ಜೀವಂತವಾಗಿದೆ. ಅದನ್ನು ಸಹಿಸುವ ಉಪಾಯವನ್ನೂ ಶಿಫಾರಸಿನೊಂದಿಗೆ ಕೊಡಬಹುದು: ಆ್ಯಪ್‌ನಲ್ಲಿ ನೋಡುವವರು ಹತ್ತು ಹತ್ತು ಸೆಕೆಂಡು ಮುಂದೆ ದಾಟಿಸಬಹುದು, ಟಿವಿಯಲ್ಲಿ ನೋಡುವವರು ಅಷ್ಟರಲ್ಲಿ ಕುಕ್ಕರ್ ಇಳಿಸಿ ಬರಬಹುದು.

ತಮ್ಮ ಅಭಿಪ್ರಾಯವನ್ನು ತಮ್ಮದೆಂದೇ ಹೇಳುವುದು ಇನ್ನೊಂದು ಶಿಸ್ತು. ‘ನನಗೆ ಹಿಡಿಸಿತು’ ಎಂಬುದಕ್ಕೂ ‘ಅದು ಚೆನ್ನಾಗಿದೆ’ ಎಂಬುದಕ್ಕೂ ಅಂತರವಿದೆ. ಮೊದಲನೆಯದು ಅನುಭವ, ಎರಡನೆಯದು ತೀರ್ಪು. ತೀರ್ಪು ಕೊಡುವುದಾದರೆ ಕಾರಣ ಕೊಡಬೇಕು, ಕಾರಣ ಧಾರಾವಾಹಿಯೊಳಗಿನದ್ದೇ ಆಗಿರಬೇಕು. ‘ಪುಟ್ಟಕ್ಕನ ಮಕ್ಕಳು’ ಬಗ್ಗೆ ಹೇಳುವವರು, ರಂಗಭೂಮಿಯಿಂದ ಬಂದ ಉಮಾಶ್ರೀಯವರು ಮೂವರು ಹೆಣ್ಣುಮಕ್ಕಳ ತಾಯಿಯಾಗಿ, ಸಂಭಾಷಣೆಯಿಲ್ಲದ ಕ್ಷಣಗಳಲ್ಲೂ ದೃಶ್ಯವನ್ನು ಹಿಡಿದಿಡುತ್ತಾರೆ ಎಂದರೆ ಅದು ಕಾರಣ. ನಂಬರ್ ಒನ್ ಆಗಿತ್ತು ಎಂಬುದು ಕಾರಣವಲ್ಲ. ಅತಿ ಹೆಚ್ಚು ಮನೆಗಳಲ್ಲಿ ಟಿವಿ ಯಾವ ವಾಹಿನಿಯಲ್ಲಿತ್ತು ಎಂಬುದನ್ನು ಟಿಆರ್‌ಪಿ ಅಂದಾಜಿಸುತ್ತದೆ. ಆ ಟಿವಿಯ ಎದುರು ಕುಳಿತವರು ಖುಷಿಯಾಗಿದ್ದರೋ ರಿಮೋಟ್ ಸಿಗದೆ ಕುಳಿತಿದ್ದರೋ ಎಂಬುದು ಅದರ ಅಳತೆಗೆ ಹೊರಗು. ಹಾಗೆಯೇ, ಧಾರಾವಾಹಿಯಲ್ಲಿ ನಮ್ಮ ನಂಟರೋ ಪರಿಚಯದವರೋ ನಟಿಸುತ್ತಿದ್ದರೆ, ಬರೆಯುತ್ತಿದ್ದರೆ, ಅದನ್ನು ಹೇಳಿಯೇ ಶಿಫಾರಸು ಮಾಡಬೇಕು. ಅದು ಆಮೇಲೆ ಗೊತ್ತಾದರೆ ಹಿಂದಿನ ಶಿಫಾರಸುಗಳಿಗೂ ಬೆಲೆ ಉಳಿಯುವುದಿಲ್ಲ.

ಗುಟ್ಟು ಬಿಡುವ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುವ ಶಿಷ್ಟಾಚಾರವದು. ಆದರೆ ನಮ್ಮ ಕಿರುತೆರೆಯಲ್ಲಿ ಅದಕ್ಕೊಂದು ವಿಚಿತ್ರ ತೊಡಕಿದೆ: ಅನೇಕ ಧಾರಾವಾಹಿಗಳು ಹಿಂದಿಯ, ಮರಾಠಿಯ, ತೆಲುಗಿನ ರೀಮೇಕ್‌ಗಳಾಗಿರುವುದರಿಂದ, ಮುಂದೇನಾಗುತ್ತದೆ ಎಂಬುದು ಮೂಲವನ್ನು ನೋಡಿದವರಿಗೆ ಮೊದಲೇ ಗೊತ್ತು, ಅವರಿಗೆ ಅದನ್ನು ಹೇಳದಿರಲು ಆಗುವುದೂ ಇಲ್ಲ. ಮೂಲದ ಹೆಸರನ್ನು ಹೇಳುವಾಗಲೂ ಆದ್ದರಿಂದ ಎಚ್ಚರ ಬೇಕು. ಕುತೂಹಲ ತಡೆಯಲಾರದವರು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಎರಡು ನಿಮಿಷದಲ್ಲಿ ಅಂತ್ಯವನ್ನು ಓದಿಬಿಡುತ್ತಾರೆ. ಇತ್ತ, 2020ರ ಲಾಕ್‌ಡೌನ್ ಕಾಲದಲ್ಲಿ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಾಗ, ಕರ್ಣ ಸಾಯುತ್ತಾನೆಂದು ಗೊತ್ತಿದ್ದವರೇ ಕಣ್ಣೀರು ಹಾಕಿಕೊಂಡು ನೋಡಿದರು. ಅಲ್ಲಿ ಗುಟ್ಟೆಂಬುದೇ ಇಲ್ಲ. ಹೇಗೆ ಹೇಳಿದ್ದಾರೆ ಎಂಬುದೊಂದೇ ಅಲ್ಲಿ ಶಿಫಾರಸಿನ ವಿಷಯ.

ಎಲ್ಲಿ ಸಿಗುತ್ತದೆ, ಯಾವ ಭಾಷೆಯಲ್ಲಿ

ಹೆಸರು ಹೇಳಿ ದಾರಿ ಹೇಳದ ಶಿಫಾರಸು ಅರ್ಧ ಶಿಫಾರಸು. ಧಾರಾವಾಹಿಗಳ ವಿಳಾಸ ಆಗಾಗ ಬದಲಾಗುತ್ತಿರುತ್ತದೆ: ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು, ಜಿಯೋ ಸಿನಿಮಾ ಮತ್ತು ಹಾಟ್‌ಸ್ಟಾರ್ 2025ರಲ್ಲಿ ಒಂದಾದವು, ಹಳೆಯ ಕಂತುಗಳು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುತ್ತವೆ. ಆದ್ದರಿಂದ ಸೂಚಿಸುವ ದಿನವೇ ಒಮ್ಮೆ ನಾವೇ ಹುಡುಕಿ, ಅದು ಇದೆಯೇ, ದುಡ್ಡು ಕೊಡಬೇಕೇ, ಎಲ್ಲ ಕಂತುಗಳೂ ಇವೆಯೇ ಎಂದು ನೋಡಿಕೊಳ್ಳಬೇಕು. ವಾಹಿನಿಯವರೇ ಅಥವಾ ನಿರ್ಮಾಪಕರೇ ಹಾಕಿರುವ ಕಂತುಗಳ ಕೊಂಡಿಯನ್ನು ಕಳುಹಿಸುವುದು ಸರಿ. ಯಾರೋ ಟಿವಿಯ ಎದುರು ಮೊಬೈಲ್ ಹಿಡಿದು ಚಿತ್ರೀಕರಿಸಿ ಹಾಕಿದ್ದನ್ನು ಕಳುಹಿಸುವುದು ಧಾರಾವಾಹಿಗೂ ನೋಡುವವರಿಗೂ ಮಾಡುವ ಅನ್ಯಾಯ. ವಯಸ್ಸಾದವರಿಗೆ ಆ್ಯಪ್‌ಗಿಂತ ವಾಹಿನಿಯ ಹೆಸರು ಮತ್ತು ವೇಳೆಯನ್ನು ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡುವುದು ಹೆಚ್ಚು ಉಪಯುಕ್ತ.

ಹೊರನಾಡಿನಲ್ಲಿರುವ ಕನ್ನಡಿಗರು ಕೇಳಿದಾಗ ಭಾಷೆಯ ಪ್ರಶ್ನೆ ಮುಂದೆ ಬರುತ್ತದೆ. ಅವರಲ್ಲಿ ಹಲವರು ಧಾರಾವಾಹಿಯನ್ನು ಕೇಳುವುದು ಮಕ್ಕಳ ಕಿವಿಗೆ ಕನ್ನಡ ಬೀಳಲಿ ಎಂದು. ಅವರಿಗೆ ಅತ್ತೆ ಸೊಸೆಯರ ಜಗಳದ ಧಾರಾವಾಹಿಯನ್ನು ಕೊಟ್ಟರೆ ಮಕ್ಕಳು ಮೊದಲು ಕಲಿಯುವುದು ಬೈಗುಳ. ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವ, ಸರಿಯುತ್ತರಕ್ಕೆ ಪುಸ್ತಕಗಳನ್ನು ಬಹುಮಾನವಾಗಿ ಕೊಡುವ ‘ಥಟ್ ಅಂತ ಹೇಳಿ!’ ಇಂಥ ಮನೆಗಳಿಗೆ ನಾನು ಮೊದಲು ಸೂಚಿಸುವ ಕಾರ್ಯಕ್ರಮ. ಅದರ ಉಚ್ಚಾರಣೆ ಸ್ಪಷ್ಟ, ವೇಗ ಹದವಾದದ್ದು, ಪ್ರತಿ ಪ್ರಶ್ನೆಯೂ ತನ್ನಷ್ಟಕ್ಕೆ ಮುಗಿಯುವುದರಿಂದ ಎಲ್ಲಿ ಬೇಕಾದರೂ ಶುರುಮಾಡಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅದು ಪುಟ್ಟ ಮಕ್ಕಳಿಗೆ ಕಠಿಣ ಎಂಬುದು ನಿಜ. ಹನ್ನೆರಡು ದಾಟಿದ ಮೇಲೆ ಸರಿಹೋಗುತ್ತದೆ. ‘ಮಾಲ್ಗುಡಿ ಡೇಸ್’ ಅನ್ನು ಕನ್ನಡಿಗರೇ ಕನ್ನಡ ನೆಲದಲ್ಲಿ ಮಾಡಿದ್ದರೂ ಅದು ಮೂಲತಃ ಹಿಂದಿ ಮತ್ತು ಇಂಗ್ಲಿಷಿನ ಸರಣಿ ಎಂಬುದನ್ನು ಇವರಿಗೆ ಮರೆಯದೆ ಹೇಳಬೇಕು. ಕನ್ನಡ ಕಲಿಸಲೆಂದು ಹಾಕಿ, ಸ್ವಾಮಿ ಹಿಂದಿಯಲ್ಲಿ ಮಾತಾಡುವುದನ್ನು ಕಂಡು ಪೆಚ್ಚಾದ ತಂದೆಯೊಬ್ಬರನ್ನು ನಾನು ಬಲ್ಲೆ. ಅದೇ ಕುಟುಂಬ ರಜೆಯಲ್ಲಿ ಊರಿಗೆ ಬಂದಾಗ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿರುವ ಮಾಲ್ಗುಡಿ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದರೆಂಬುದು ಬೇರೆ ಮಾತು.

ಒಪ್ಪದವರೊಂದಿಗೆ

ಅಭಿಪ್ರಾಯ ಹಂಚಿಕೊಳ್ಳುವುದರಲ್ಲಿ ಇನ್ನೊಬ್ಬರ ಅಭಿಪ್ರಾಯವನ್ನು ಕೇಳಿಸಿಕೊಳ್ಳುವುದೂ ಸೇರಿದೆ, ಕಷ್ಟವಿರುವುದು ಅಲ್ಲಿ. ‘ಇನ್ನೂ ಆ ಸೀರಿಯಲ್ಲೇ ನೋಡ್ತಿದ್ದೀರಾ?’ ಎಂಬ ಪ್ರಶ್ನೆಯನ್ನು ಯಾರೂ ಮಾಹಿತಿಗಾಗಿ ಕೇಳುವುದಿಲ್ಲ. ಸಂಜೆಯ ಧಾರಾವಾಹಿಗಳನ್ನು ಹೆಚ್ಚಾಗಿ ನೋಡುವವರು ಮನೆಯ ಹೆಂಗಸರು ಮತ್ತು ಹಿರಿಯರು ಎಂಬ ಕಾರಣಕ್ಕೇ ಅವುಗಳನ್ನು ಹೀಗಳೆಯುವುದು ಸುಲಭವಾಗಿದೆ ಎಂಬ ಗುಮಾನಿ ನನಗಿದೆ. ಅದೇ ಮನೆಯಲ್ಲಿ ಮೂರು ಗಂಟೆ ಕ್ರಿಕೆಟ್ ನೋಡಿದವರನ್ನು ಯಾರೂ ಪ್ರಶ್ನಿಸುವುದಿಲ್ಲ. ನಿಮಗೆ ಹಿಡಿಸದ ಧಾರಾವಾಹಿಯನ್ನು ಅಮ್ಮನೋ ಅತ್ತಿಗೆಯೋ ದಿನವೂ ನೋಡುತ್ತಿದ್ದರೆ, ಅದರಲ್ಲಿ ಅವರಿಗೆ ಯಾವ ಪಾತ್ರ ಇಷ್ಟ, ಯಾಕೆ ಎಂದು ಕೇಳಿ. ಉತ್ತರ ಬಹಳ ಸಲ ಕತೆಯ ಬಗ್ಗೆ ಇರುವುದಿಲ್ಲ. ಒಂದು ಪಾತ್ರ ಗಂಡನಿಗೆ ಎದುರುತ್ತರ ಕೊಟ್ಟ ಬಗೆ, ಇನ್ನೊಂದು ಪಾತ್ರ ಉಟ್ಟ ಸೀರೆ, ಮತ್ತೊಂದು ಪಾತ್ರವನ್ನು ಕಂಡರೆ ನೆನಪಾಗುವ ತೀರಿಹೋದ ಅಕ್ಕ, ಹೀಗೆ ಏನೋ ಇರುತ್ತದೆ. ಅವರಿಗೆ ಮುಂದೆ ಯಾವುದನ್ನು ಸೂಚಿಸಬೇಕೆಂಬುದಕ್ಕೆ ಆ ಉತ್ತರಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ.

ಹಾಸ್ಯ ಧಾರಾವಾಹಿಗಳ ವಿಷಯದಲ್ಲಿ ನಾನು ಶಿಫಾರಸು ಮಾಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ್ದೇನೆ. ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠ್ಠಲ್ ರಾವ್ ಬಾಯಿ ತೆರೆದರೆ ಬಿದ್ದು ಬಿದ್ದು ನಗುವವರ ಪಕ್ಕದಲ್ಲೇ ಮುಖ ಗಂಟಿಕ್ಕಿ ಕೂರುವವರನ್ನು ಕಂಡಿದ್ದೇನೆ, ‘ಪಾಪ ಪಾಂಡು’ವಿನಲ್ಲಿ ಹೆಂಡತಿ ಗಂಡನನ್ನು ಬಡಿಯುವುದು ಕೆಲವರಿಗೆ ನಗೆ, ಕೆಲವರಿಗೆ ಕಿರಿಕಿರಿ. ನಗು ಬರಲಿಲ್ಲ ಎಂದವರಿಗೆ ನಗು ಬರುವ ಕಾರಣವನ್ನು ವಿವರಿಸಿ ಗೆದ್ದವರು ಯಾರೂ ಇಲ್ಲ. ಒಂದು ಕಂತನ್ನು ಜೊತೆಯಲ್ಲಿ ಕುಳಿತು ನೋಡುವುದೊಂದೇ ಇಲ್ಲಿ ನಡೆಯುವ ಉಪಾಯ.

ಸೂಚಿಸಿದ ಮೇಲೆ ಎರಡು ವಾರ ಏನನ್ನೂ ಕೇಳಬಾರದು. ದಿನವೂ ‘ಎಲ್ಲಿಗೆ ಬಂತು?’ ಎಂದು ವಿಚಾರಿಸಿದರೆ ಅದು ಹೋಂವರ್ಕ್ ಕೊಟ್ಟಂತಾಗುತ್ತದೆ. ಅವರು ನಡುವೆಯೇ ಬಿಟ್ಟರೆಂದು ತಿಳಿದಾಗ, ಯಾಕೆ ಎನ್ನುವುದಕ್ಕಿಂತ ಎಲ್ಲಿ ಬಿಟ್ಟಿರಿ ಎಂದು ಕೇಳುವುದು ಮೇಲು. ಯಾಕೆ ಎಂದರೆ ಸಮಜಾಯಿಷಿ ಬರುತ್ತದೆ, ಎಲ್ಲಿ ಎಂದರೆ ಕಂತಿನ ಗುರುತು ಸಿಗುತ್ತದೆ. ಮೂವರು ಒಂದೇ ಜಾಗದಲ್ಲಿ ಬಿಟ್ಟಿದ್ದರೆ ಅಲ್ಲಿ ಕತೆ ನಿಜವಾಗಿಯೂ ಕುಸಿದಿದೆ ಎಂದರ್ಥ, ಮುಂದಿನ ಸಲ ಸೂಚಿಸುವಾಗ ಆ ಜಾಗವನ್ನು ಸೇರಿಸಿ ಹೇಳಬಹುದು. ಇದಕ್ಕಾಗಿ ನಾನೊಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದೇನೆ. ಎಡಗಡೆ ಧಾರಾವಾಹಿಯ ಹೆಸರು, ಬಲಗಡೆ ಯಾರು ಎಲ್ಲಿ ನಿಲ್ಲಿಸಿದರೆಂಬುದು. ಚಿಕ್ಕಮ್ಮನ ಹೆಸರಿನ ಮುಂದೆ ‘ಗೃಹಭಂಗ, ಬೇಡ’ ಎಂದು ಬರೆದದ್ದು ಇನ್ನೂ ಇದೆ. ಅದರ ಕೆಳಗೆ ಈಚೆಗೆ ಇನ್ನೊಂದು ಸಾಲು ಸೇರಿದೆ, ಅದು ನಾನು ಸೂಚಿಸಿದ್ದಲ್ಲ. ಅವರೇ ಫೋನ್ ಮಾಡಿ ಈಗ ನಡೆಯುತ್ತಿರುವ ಧಾರಾವಾಹಿಯೊಂದರ ಹೆಸರು ಹೇಳಿ, ‘ಮೊದಲಿಂದ ನೋಡಬೇಡ, ಅವಳು ಹೋಟೆಲ್ ಇಡ್ತಾಳಲ್ಲ, ಅಲ್ಲಿಂದ ನೋಡು. ರಾತ್ರಿ ಊಟ ಆದ್ಮೇಲೆ ನೋಡು, ಊಟ ಮಾಡ್ತಾ ಬೇಡ, ಅಳು ಬರುತ್ತೆ’ ಎಂದರು.